ಹೊರದೇಶದಿಂದ ಐಪೀಸ್ ತರಿಸೋ ಮೊದಲು ನಾನು ಡ್ಯೂಟಿ ಲೆಕ್ಕ ಹೆಂಗ ಹಾಕ್ತೀನಿ

ಯಾದಗಿರಿ ಒಳಗ ಟೆಲಿಸ್ಕೋಪ್ ಸಾಮಾನು ಸಿಗಂಗಿಲ್ರಿ, ಕಲಬುರಗಿಗೆ ಹೋದ್ರೂ ಇಲ್ಲ. ಓಣಿ ಹುಡುಗ್ರಿಗೆ ಶನಿ ಗ್ರಹದ ಉಂಗುರ ನೆಟ್ಟಗ ಕಾಣ್ಬೇಕಂದ್ರ ಒಳ್ಳೆ ಐಪೀಸ್ (ಟೆಲಿಸ್ಕೋಪಿನಾಗ ಕಣ್ಣಿಟ್ಟು ನೋಡೋ ಲೆನ್ಸ್) ಬೇಕು, ಹಿಂಗಾಗಿ ಅಮೆರಿಕಾದ ಅಂಗಡಿಯಿಂದ ಆನ್‌ಲೈನ್ ತರಿಸ್ತೀನಿ. ಟ್ಯಾಕ್ಸ್ ಎಷ್ಟು ಬೀಳ್ತದ್ರಿ ಸರ ಅಂತ ಬಾಳ ಮಂದಿ ಕೇಳ್ತಾರ, ಅದಕ್ಕ ಬರೀಲಿಕತ್ತೀನಿ.

ಡ್ಯೂಟಿ, ಅಂದ್ರ ಆಮದು ತೆರಿಗೆ, ಬರೇ ಸಾಮಾನಿನ ರೇಟಿಗೆ ಅಲ್ಲ, ಶಿಪ್ಪಿಂಗ್ ಮತ್ತ ಇನ್ಶೂರೆನ್ಸ್ ಕೂಡಿಸಿದ ಮೊತ್ತಕ್ಕ ಬೀಳ್ತದ. 2023ರ ಲೆಕ್ಕ ನೋಡ್ರಿ: ಎಲ್ಲಾ ಕೂಡಿ 12,000 ರೂಪಾಯಿ ಅಂತ ಇಟ್ಕೊಳ್ರಿ. ಸ್ವಂತ ಬಳಕೆ ಸಾಮಾನು ಕಸ್ಟಮ್ಸ್ ದರಪಟ್ಟಿಯ 9804 ನಂಬರಿನಾಗ ಬರ್ತಾವ, ಆಗ ಬೇಸಿಕ್ ಕಸ್ಟಮ್ಸ್ ಡ್ಯೂಟಿ 35 ಪರ್ಸೆಂಟ್, ಅಂದ್ರ 4,200. ಆ ಡ್ಯೂಟಿ ಮ್ಯಾಲ 10 ಪರ್ಸೆಂಟ್ ಸೋಷಿಯಲ್ ವೆಲ್‌ಫೇರ್ ಸರ್‌ಚಾರ್ಜ್, 420. ಇವೆಲ್ಲಾ ಕೂಡಿ 16,620 ಆತು, ಅದರ ಮ್ಯಾಲ 28 ಪರ್ಸೆಂಟ್ ಐಜಿಎಸ್‌ಟಿ (ಆಮದಿಗೆ ಬೀಳೋ ಜಿಎಸ್‌ಟಿ), 4,653. ಒಟ್ಟು 9,273, ಅಂದ್ರ 77.28 ಪರ್ಸೆಂಟ್! ಟ್ಯಾಕ್ಸ್ ಮ್ಯಾಲ ಟ್ಯಾಕ್ಸ್ ಕೂಡೋದ್ರಿಂದ 35ಕ್ಕ 28 ಕೂಡಿಸಿ 63 ಅಂತ ಹಿಡಿದ್ರ ಲೆಕ್ಕ ತಪ್ತದ. ಈಗ ದರ ಇಳಿದಾವ, 35 ಇದ್ದದ್ದು 20ಕ್ಕ ಬಂದಿತ್ತು, 2026ರ ಬಜೆಟ್‌ನಾಗ ಸ್ವಂತ ಬಳಕೆ ಸಾಮಾನಿನ ಡ್ಯೂಟಿ 20ರಿಂದ 10ಕ್ಕ ಇಳಿಸೋದಾಗಿ ಹೇಳ್ಯಾರ, ನನಗಂತೂ ಬಾಳ ಸಂತೋಷ ಆತು. ಆದ್ರೂ ಆರ್ಡರ್ ಹಾಕೋ ದಿನದ ದರ ನೋಡ್ಕೊಂಡೇ ಮುಂದ ಹೋಗ್ತೀನಿ.

ಮಂದಿ ಎಲ್ಲಾ ಬೈಯೋದು ಸರ್ಕಾರಕ್ಕ, ಆದ್ರ ಬಿಲ್ ಬಿಡಿಸಿ ಓದ್ರಿ. ಒಂದು ಪಾರ್ಸಲ್ ಬಂದಾಗ ಕೊರಿಯರ್‌ನವ್ರ ಬಿಲ್‌ನಾಗ ಡ್ಯೂಟಿ ಕೆಳಗ ಇನ್ನೊಂದು ಸಾಲು ಇತ್ತು, ನಿಮ್ಮ ಪರವಾಗಿ ಡ್ಯೂಟಿ ಮೊದಲೇ ಕಟ್ಟೀವಿ ಅಂತ ಒಂದು ಚಾರ್ಜ್, ಅದರ ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿ. ಇದು ಕಸ್ಟಮ್ಸ್‌ಗೆ ಹೋಗೋ ರೊಕ್ಕ ಅಲ್ಲ, ಕೊರಿಯರ್‌ನವ್ರದ್ದು. ಸಣ್ಣ ಸಾಮಾನಿಗೆ ಈ ಚಾರ್ಜೇ ಭಾರ ಆಗ್ತದ. ಹಿಂಗಾಗಿ ನಾನು ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಕೊಡೋ ಆಮದು ದಾಖಲೆ) ಕಾಪಿ ಕೇಳಿ ಇಸ್ಕೊಂತೀನಿ, ಅದರಾಗ ಖರೇ ಡ್ಯೂಟಿ ಎಷ್ಟು ಅಂತ ಬರ್ದಿರ್ತದ. ಅರ್ಜೆಂಟ್ ಇಲ್ಲಂದ್ರ ಅಂಚೆ ದಾರಿ ಛಲೋ, ಪಾರ್ಸಲ್ ಮುಂಬೈ, ಚೆನ್ನೈನಂಥ ಫಾರಿನ್ ಪೋಸ್ಟ್ ಆಫೀಸಿನಾಗ ಕಸ್ಟಮ್ಸ್ ಮುಗಿಸಿ ಬರ್ತದ, ಡ್ಯೂಟಿ ಇದ್ರ ಪೋಸ್ಟ್‌ಮನ್ ಮನಿ ಬಾಗಿಲಿಗೇ ತಗೊಂತಾನ. ಆದ್ರ ತಡ ಆಗ್ತದ, ತಾಳ್ಮಿ ಇರ್ಬೇಕು.

ಇನ್ನ ಗಿಫ್ಟ್ ಅಂತ ಬರೀಸೋ ಮಂದಿ ಇದ್ದಾರ, ಬ್ಯಾಡ್ರಿ. 2019ರ ಡಿಸೆಂಬರಿನಿಂದ ಡ್ಯೂಟಿ ಕಟ್ಟದ ಗಿಫ್ಟ್ ಹೆಸರಿನಾಗ ತರಿಸೋ ಆಮದು ಬಂದ್ ಆಗ್ಯಾದ, ಜೀವ ಉಳಿಸೋ ಔಷಧಿ ಮತ್ತ ರಾಖಿಗೆ ಮಾತ್ರ ಬಿಟ್ಟಾರ. ಅಂಗಡಿಯವ್ರು ಬೆಲಿ ಕಡಿಮಿ ತೋರಿಸ್ತೀವಿ ಅಂದ್ರೂ ನಾನು ಒಲ್ಲೆ ಅಂತೀನಿ, ಕಸ್ಟಮ್ಸ್‌ನವ್ರು ಹಿಡಿದ್ರ ಸಾಮಾನು ಜಪ್ತಿ, ಮ್ಯಾಲ ದಂಡ. ಡ್ರೋನ್ ಅಂತೂ 2022ರಿಂದ ಆಮದು ನಿಷೇಧ ಅದ, ಆ ಸಾಹಸಕ್ಕ ಹೋಗ್ಬ್ಯಾಡ್ರಿ.

ಆಧಾರ್, ಪ್ಯಾನ್ ಕೇಳಿ ಕೆವೈಸಿ ಲಿಂಕ್ ಬಂದ್ರ ಮೆಸೇಜಿನಾಗ ಒತ್ತಂಗಿಲ್ಲ ನಾನು, ಕೊರಿಯರ್‌ನವ್ರ ಸೈಟಿಗೆ ಹೋಗಿ ಟ್ರ್ಯಾಕಿಂಗ್ ನಂಬರ್ ಹಾಕಿ ಅಲ್ಲೇ ಕೊಡ್ತೀನಿ. ಪಾರ್ಸಲ್ ಕಸ್ಟಮ್ಸ್‌ನಾಗ ಸಿಕ್ಕಾದ, ಈ ಖಾತೆಗೆ ರೊಕ್ಕ ಹಾಕ್ರಿ ಅಂತ ಯಾರರ ಫೋನ್ ಮಾಡಿದ್ರ ಪಟ್ನ ಕಟ್ ಮಾಡ್ರಿ, ಕಸ್ಟಮ್ಸ್‌ನವ್ರು ಹಂಗ ಖಾಸಗಿ ಖಾತೆಗೆ ರೊಕ್ಕ ಕೇಳಂಗಿಲ್ಲ.