ಟೆಕ್ಸಾಸ್‌ನಲ್ಲಿ ಪಿಸ್ತೂಲು ತಗೊಳ್ಳೋ ನಮ್ಮ ದಾವಣಗೆರೆ-ದುರ್ಗದ ಮಂದಿಗೆ: ಮೊದ್ಲು ಹೋಲ್‌ಸ್ಟರ್ ನೋಡಿ ತಗೊಳ್ರಿ

ಗ್ರೀನ್ ಕಾರ್ಡ್ ಬಂದ ತಕ್ಷಣ ಪಿಸ್ತೂಲು ತಗೊಳ್ಳೋ ನಮ್ಮ ಕಡೆ ಹುಡುಗರು ಈಗ ಜಾಸ್ತಿ ಆಗಿದಾರೆ, ಎಲ್ರೂ ತಪ್ಪು ಹೋಲ್‌ಸ್ಟರ್ (ಪಿಸ್ತೂಲನ್ನ ಸೊಂಟಕ್ಕೆ ಸಿಗಿಸ್ಕೊಳ್ಳೋ ಕವಚ) ತಗೊಂಡು ಅದೇ ಹಳ್ಳಕ್ಕೆ ಬೀಳ್ತಿದಾರೆ, ಅದಕ್ಕೇ ಬರೀತಿದೀನಿ. ಎಚ್1ಬಿ (ಕೆಲಸದ ವೀಸಾ), ಎಫ್1ನಲ್ಲಿ (ಓದೋಕೆ ಬಂದೋರ ವೀಸಾ) ಇರೋರು ಇಲ್ಲೇ ನಿಲ್ರಿ. ಆ ವೀಸಾದಲ್ಲಿ ಬಂದೂಕು, ಗುಂಡು ಇಟ್ಕೊಳ್ಳೋದು ಫೆಡರಲ್ ಅಪರಾಧ, ಹಂಟಿಂಗ್ ಲೈಸೆನ್ಸ್ ಥರ ಕೆಲವೇ ವಿನಾಯಿತಿ, ಗುಂಡು ಹೊಡೆದು ಅಭ್ಯಾಸ ಮಾಡೋ ರೇಂಜ್‌ನಲ್ಲಿ ಬಾಡಿಗೆಗೆ ತಗೊಂಡು ಹೊಡೆದ್ರೂ ಸಿಕ್ಕಾಕೊಳ್ತೀರ.

ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ 21 ತುಂಬಿದೋರು, ಬೇರೆ ಕಾನೂನಿನ ಅಡ್ಡಿ ಇಲ್ದಿದ್ರೆ, ಲೈಸೆನ್ಸ್ ಇಲ್ದೇನೂ ಪಿಸ್ತೂಲು ಇಟ್ಕೊಂಡು ಓಡಾಡಬಹುದು, ಹೊರಗೆ ಕಾಣೋ ಹಂಗಿದ್ರೆ ಹೋಲ್‌ಸ್ಟರ್‌ನಲ್ಲಿರಬೇಕು. ಲೈಸೆನ್ಸ್ ಪರೀಕ್ಷೆಗೆ ಹೋದ್ರೂ 3, 7, 15 ಗಜದಿಂದ 50 ಗುಂಡು ಹೊಡೆಸ್ತಾರೆ ಅಷ್ಟೆ, ಸೊಂಟದಿಂದ ಹೆಂಗೆ ತೆಗೀತೀಯ ಅಂತ ಯಾರೂ ಕೇಳಲ್ಲ. ನಮ್ಮೂರಲ್ಲಿ ಡಿಸಿ ಆಫೀಸು, ಪೊಲೀಸ್ ವೆರಿಫಿಕೇಶನ್, 2016ರ ಆರ್ಮ್ಸ್ ರೂಲ್ಸ್ ಬಂದ ಮೇಲೆ ಟ್ರೈನಿಂಗ್ ಸರ್ಟಿಫಿಕೇಟು, ಎಲೆಕ್ಷನ್ ಬಂದ್ರೆ ಸ್ಟೇಷನ್‌ನಲ್ಲಿ ಡಿಪಾಸಿಟ್ಟು, ಇದನ್ನೆಲ್ಲ ಕಿರಿಕಿರಿ ಅಂತ ಬೈತೀವಿ, ಆದ್ರೆ ನನ್ ಪ್ರಕಾರ ಅದೇ ವಾಸಿ. ಚನ್ನಗಿರಿ ಕಡೆ ಅಡಿಕೆ ತೋಟದ ಮನೇಲಿ ಬಂದೂಕು ನೋಡ್ಕೊಂಡು ಬೆಳೆದೋರೂ ಹೋಲ್‌ಸ್ಟರ್ ಮುಟ್ಟಿರಲ್ಲ.

ಈಗ ದುಡ್ಡು ಹೋಗೋ ಜಾಗ. ಆನ್‌ಲೈನ್‌ನಲ್ಲಿ ಒಂದು ಥರ ಹೋಲ್‌ಸ್ಟರ್ ಸಿಗುತ್ತೆ, ಪಿಸ್ತೂಲನ್ನ ಲಾಕ್ ಮಾಡಿರುತ್ತೆ, ಬಿಡಿಸೋಕೆ ತೋರುಬೆರಳಲ್ಲಿ ಬಟನ್ ಒತ್ತಬೇಕು. ಭದ್ರವಾಗಿದೆ ಅಂತ ನಮ್ಮೋರು ಅದನ್ನೇ ತಗೊಳ್ತಾರೆ. ತೊಂದ್ರೆ ಏನಂದ್ರೆ ಗಾಬರೀಲಿ ಎಳೆಯುವಾಗ ಬೆರಳು ನೆಟ್ಟಗಿರಲ್ಲ, ಬಟನ್ ಮೇಲೆ ಬಗ್ಗಿರುತ್ತೆ, ಪಿಸ್ತೂಲು ಮೇಲೆ ಬರ್ತಿದ್ದಂಗೇ ಅದೇ ಬೆರಳು ಸೀದಾ ಟ್ರಿಗರ್‌ಗೆ ಜಾರುತ್ತೆ, ಗುಂಡು ಸ್ವಂತ ತೊಡೆಗೆ. ಅದಕ್ಕೇ ಎಷ್ಟೋ ಟ್ರೈನಿಂಗ್ ಕ್ಲಾಸ್‌ಗಳಲ್ಲಿ ಅದನ್ನ ಒಳಗೇ ಬಿಡಲ್ಲ. ನಮ್ಮ ದಾವಣಗೆರೆ ಹುಡುಗ ಒಬ್ಬ ಎರಡು ದಿನದ ಕ್ಲಾಸಿಗೆ ಫೀಸು ಕಟ್ಟಿ, ರಜೆ ಹಾಕಿ, ರಾತ್ರಿಯೆಲ್ಲ ಕಾರು ಓಡಿಸ್ಕೊಂಡು ಹೋದ, ಬೆಳಗ್ಗೆ ಇನ್‌ಸ್ಟ್ರಕ್ಟರ್ ಸೊಂಟ ನೋಡಿದ್ದೇ ವಾಪಸ್ ಕಳಿಸಿದ್ರು, ಫೀಸು ವಾಪಸ್ ಇಲ್ಲ, ನಿಯಮ ಬುಕಿಂಗ್ ಪೇಜಲ್ಲೇ ಇತ್ತು. ಇನ್ನೊಬ್ರು ಎಲ್ಲಾ ಪಿಸ್ತೂಲಿಗೂ ಆಗುತ್ತೆ ಅನ್ನೋ ಮೆತ್ತನೆ ಬಟ್ಟೆ ಹೋಲ್‌ಸ್ಟರ್ ತಂದಿದ್ರು, ಅದು ಇನ್ನೂ ಕೆಟ್ಟದ್ದು, ಪಿಸ್ತೂಲು ತೆಗೆದ ತಕ್ಷಣ ಬಾಯಿ ಮುಚ್ಕೊಳ್ಳುತ್ತೆ, ವಾಪಸ್ ಹಾಕುವಾಗ ಅದರ ಅಂಚೇ ಟ್ರಿಗರ್ ಒತ್ತಬಹುದು. ನಿಮ್ಮ ಮಾಡೆಲ್‌ಗೇ ಮಾಡಿರೋ, ಟ್ರಿಗರ್ ಪೂರ್ತಿ ಮುಚ್ಚೋ ಗಟ್ಟಿ ಹೋಲ್‌ಸ್ಟರ್ ತಗೊಳ್ರಿ, ಜೊತೆಗೆ ಬಗ್ಗದ ಬೆಲ್ಟು. ಆಮೇಲೆ ಪಿಸ್ತೂಲಿಗೆ ಲೈಟ್ ಹಾಕ್ಸಿದ್ರೆ ಹೋಲ್‌ಸ್ಟರ್ರೂ ಬದಲಾಗಬೇಕು.

ತೆಗೆಯೋದು ಹಿಂಗೆ. ಎಡಗೈಲಿ ಅಂಗಿ ಪೂರ್ತಿ ಮೇಲೆತ್ತಿ, ಬಲಗೈ ಹಿಡಿತ ಹೋಲ್‌ಸ್ಟರ್ ಒಳಗಿರುವಾಗಲೇ ಸರಿಯಾಗಿ ಕೂರಬೇಕು, ಆಮೇಲೆ ಸರಿ ಮಾಡ್ಕೊಳ್ಳೋಕೆ ಟೈಮಿಲ್ಲ. ನೆಟ್ಟಗೆ ಮೇಲಕ್ಕೆ ಎಳೆದು, ನಳಿಕೆ ಪೂರ್ತಿ ಹೊರಗೆ ಬಂದ ಮೇಲೆ ಗುರಿ ಕಡೆ ತಿರುಗಿಸಿ, ಎರಡೂ ಕೈ ಎದೆ ಮುಂದೆ ಸೇರಬೇಕು, ಎಡಗೈ ಎಂದಿಗೂ ನಳಿಕೆ ಮುಂದೆ ಬರಬಾರದು. ಗುರಿ ಕೂತು ಹೊಡೀತೀನಿ ಅಂತ ತೀರ್ಮಾನ ಆಗೋವರೆಗೂ ತೋರುಬೆರಳು ಟ್ರಿಗರ್ ಮುಟ್ಟದೆ ಫ್ರೇಮ್ (ಪಿಸ್ತೂಲಿನ ಮೈ) ಪಕ್ಕ ನೆಟ್ಟಗಿರಬೇಕು. ವೇಗ ಬರೋದು ಅಂಗಿ ಎತ್ತೋದ್ರಿಂದ, ಹಿಡಿತದಿಂದ. ಕೈ ಬೀಸೋದ್ರಿಂದ ಅಲ್ಲ.

ವಾಪಸ್ ಹಾಕೋದು ಮಾತ್ರ ಯಾವತ್ತೂ ಅವಸರ ಮಾಡ್ಬೇಡಿ, ಅದಕ್ಕೆ ಯಾರೂ ಬಹುಮಾನ ಕೊಡಲ್ಲ. ಕಣ್ಣಲ್ಲಿ ನೋಡ್ಕೊಂಡೇ ಹಾಕಿ, ಜಾಕೆಟ್ ದಾರ, ಅಂಗಿ ತುದಿ ಒಳಗೆ ಸಿಕ್ಕಿದ್ರೆ ಅದೇ ಟ್ರಿಗರ್ ಎಳೆಯುತ್ತೆ. ಏನೋ ಅಡ್ಡ ಬಂತು ಅನ್ಸಿದ್ರೆ ಒತ್ಬೇಡಿ, ಹೊರಗೆ ತೆಗೆದು ನೋಡ್ರಿ.

ಬಹಳ ಇಂಡೋರ್ ರೇಂಜ್‌ಗಳಲ್ಲಿ ಹೋಲ್‌ಸ್ಟರ್‌ನಿಂದ ತೆಗೆದು ಹೊಡೆಯೋಕೆ ಬಿಡಲ್ಲ, ವರ್ಷದ ಮೆಂಬರ್‌ಶಿಪ್ ಕಟ್ಟೋ ಮುಂಚೆ ಕೇಳಿ. ಮನೇಲಿ ಖಾಲಿ ಪಿಸ್ತೂಲಲ್ಲೇ ಅಭ್ಯಾಸ ಮಾಡಬಹುದು, ಆದ್ರೆ ಗುಂಡು ಬೇರೆ ರೂಮಲ್ಲಿರಬೇಕು, ಚೇಂಬರ್ (ನಳಿಕೆ ಹಿಂದೆ ಗುಂಡು ಕೂರೋ ಜಾಗ) ಖಾಲಿ ಇದೆಯಾ ಅಂತ ಕಣ್ಣಲ್ಲಿ ನೋಡಿ, ಬೆರಳು ಹಾಕೂ ನೋಡಿ. ಇಲ್ಲಿ ಗೋಡೆ ನಮ್ಮೂರ ಇಟ್ಟಿಗೆ ಗೋಡೆ ಅಲ್ಲ ಕಣ್ರಿ, ಜಿಪ್ಸಮ್ ಹಲಗೆ, ಗುಂಡು ಸೀದಾ ಪಕ್ಕದ ಅಪಾರ್ಟ್‌ಮೆಂಟಿಗೆ ಹೋಗುತ್ತೆ, ಅದಕ್ಕೇ ಯಾವ ಗೋಡೆ ಆಚೆ ಯಾರಿದಾರೆ ಅಂತ ತಿಳ್ಕೊಂಡೇ ಶುರು ಮಾಡಿ. ಮಕ್ಕಳು ಸ್ಕೂಲಿಂದ ಬರೋದ್ರೊಳಗೆ ಮುಗಿಸಿ, ಸೇಫಲ್ಲಿಟ್ಟು ಬೀಗ ಹಾಕಿ.