ಪ್ರೊಜೆಕ್ಷನ್ ಟಿವಿಯೊಳಗಿನ ಧೂಳು

ನಮ್ಮನೆ 43 ಇಂಚಿನ ಪ್ರೊಜೆಕ್ಷನ್ ಟಿವಿಯ ಚಿತ್ರ ವರ್ಷದಿಂದ ವರ್ಷಕ್ಕೆ ಮಂಕಾಗುತ್ತಾ ಬಂದಿತ್ತು. ಬ್ರೈಟ್‌ನೆಸ್ ಏರಿಸಿದಷ್ಟೂ ಬಿಳಿ ಅಕ್ಷರಗಳ ಸುತ್ತ ಮಂಜು ಜಾಸ್ತಿ. ಟ್ಯೂಬ್ ಹೋಗಿದೆ ಅಂದರು ಕೆಲವರು. ಮೊದಲು ಒಳಗೆ ನೋಡೋಣ ಅಂತ ನಾನೇ ಬಿಚ್ಚಿದೆ.

ಇದರಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರು ಸಣ್ಣ ಟ್ಯೂಬ್. ಅವುಗಳ ಬೆಳಕು ಲೆನ್ಸ್ ದಾಟಿ, ಹಿಂದಿನ ಕನ್ನಡಿಗೆ ಬಿದ್ದು, ಪರದೆಗೆ ಬರುತ್ತದೆ. ಲೆನ್ಸ್‌ಗಳು ಮೇಲಕ್ಕೆ ಮುಖ ಮಾಡಿವೆ, ಧೂಳು ನೇರ ಅವುಗಳ ಮೇಲೇ ಕೂರುತ್ತದೆ. ಒಳಗಿನ ಹೈ ವೋಲ್ಟೇಜ್ ಬೇರೆ ಅದನ್ನು ಎಳೆಯುತ್ತದೆ.

ಆ ವೋಲ್ಟೇಜ್ 30,000ದ ಆಸುಪಾಸು. ಪ್ಲಗ್ ಕಿತ್ತು ಇಡೀ ರಾತ್ರಿ ಬಿಟ್ಟೆ. ಆಮೇಲೂ ಟ್ಯೂಬಿನ ದಪ್ಪ ವೈರುಗಳ ಹತ್ತಿರ ಕೈ ಒಯ್ಯಲಿಲ್ಲ. ಚಾರ್ಜ್ ಉಳಿದಿದ್ದರೆ ಜೀವಕ್ಕೇ ಅಪಾಯ.

ಸ್ಪೀಕರ್ ಜಾಲರಿ ತೆಗೆದು, ಸ್ಕ್ರೂ ಬಿಚ್ಚಿ, ಪರದೆಯನ್ನು ಫ್ರೇಮ್ ಸಮೇತ ತಮ್ಮನೂ ನಾನೂ ಎತ್ತಿಟ್ಟೆವು. ಟಾರ್ಚ್ ಬಿಟ್ಟರೆ ಹಸಿರು ಲೆನ್ಸ್ ಬೂದುಬಣ್ಣವಾಗಿತ್ತು. ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು! ಮೊದಲು ಕ್ಯಾಮೆರಾದ ರಬ್ಬರ್ ಬ್ಲೋವರ್‌ನಿಂದ ಊದಿದೆ. ನಂತರ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್‌ನಲ್ಲಿ ಮೈಕ್ರೋಫೈಬರ್ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ನಡುವಿನಿಂದ ಅಂಚಿಗೆ ಹಗುರವಾಗಿ ಒರೆಸಿದೆ. ಈ ಲೆನ್ಸ್ ಪ್ಲಾಸ್ಟಿಕ್‌ನದು. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಬೇಡವೇ ಬೇಡ. ಪಕ್ಕದ ರೆಕ್ಕೆ ನಟ್ಟು ಫೋಕಸ್‌ನದು, ಅದನ್ನೂ ಸಡಿಲಿಸಬೇಡಿ.

ನಿಜವಾದ ತಾಳ್ಮೆ ಬೇಕಾದದ್ದು ಕನ್ನಡಿಗೆ. ನಾವು ಮುಖ ನೋಡುವ ಕನ್ನಡಿಯಲ್ಲಿ ಲೇಪ ಗಾಜಿನ ಹಿಂದಿರುತ್ತದೆ. ಇಲ್ಲಿ ಲೇಪ ಮೇಲೇ ಇದೆ. ಧೂಳಿನ ಒಂದು ಕಣ ಬಟ್ಟೆಯಡಿ ಸಿಕ್ಕಿ ಎಳೆದರೂ ಗೀರು ಶಾಶ್ವತ. ಹಾಗಾಗಿ ಊದಿದ್ದೇ ಜಾಸ್ತಿ. ಊದಿಯೂ ಹೋಗದ ಕಡೆ ಮಾತ್ರ ಒದ್ದೆ ಬಟ್ಟೆಯನ್ನು ಅದರ ಸ್ವಂತ ಭಾರದಲ್ಲೇ, ಒಂದೇ ದಿಕ್ಕಿಗೆ ಎಳೆದೆ. ಪ್ರತಿ ಸಲವೂ ಬಟ್ಟೆಯ ಹೊಸ ಮಡಿಕೆ. ಒಂದು ಮೂಲೆಯಲ್ಲಿ ಹಳೇ ಕಲೆ ಉಳಿಯಿತು, ಉಳಿಯಲಿ ಅಂತ ಬಿಟ್ಟೆ. ಚಿತ್ರದಲ್ಲಿ ಕಲೆ ಕಾಣುವುದಿಲ್ಲ, ಉಜ್ಜಿದ್ದರೆ ಗೀರು ಕಾಣುತ್ತಿತ್ತು.

ಪರದೆಯ ಒಳಬದಿಗೆ ನೀರು ಸೋಕಿಸಲಿಲ್ಲ. ಅಲ್ಲಿ ಸಣ್ಣ ಗೆರೆಗಳಿವೆ. ಗೆರೆಗುಂಟ ಒಣ ಮೆದು ಬ್ರಷ್ ಆಡಿಸಿದರೆ ಸಾಕು.

ಜೋಡಿಸಿ ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, ಮೆನುವಿನಲ್ಲಿ ಮೂರು ಬಣ್ಣದ ಗೆರೆಗಳನ್ನು ಒಂದಕ್ಕೊಂದು ಕೂಡಿಸಿದೆ. ಕಪ್ಪು ಮತ್ತೆ ಕಪ್ಪಾಗಿ ಕಂಡಿತು. ಬ್ರೈಟ್‌ನೆಸ್ ಇಳಿಸಬೇಕಾಯಿತು!

ನಿಮ್ಮಲ್ಲಿ ಒರೆಸಿದ ಮೇಲೂ ಮಂಜು ಹಾಗೇ ಇದ್ದರೆ, ಟ್ಯೂಬಿಗೂ ಲೆನ್ಸಿಗೂ ನಡುವೆ ತಂಪಿಗೆ ತುಂಬಿರುವ ಗ್ಲೈಕಾಲ್ ದ್ರವ ಕೆಟ್ಟಿರಬಹುದು. ಅದಕ್ಕೆ ಲೆನ್ಸನ್ನೇ ಕಳಚಬೇಕು. ಅದು ತಿಳಿದ ಮೆಕ್ಯಾನಿಕ್ ಕೆಲಸ.