ಮ್ಯಾಮೊಗ್ರಾಂನಲ್ಲಿ ಸುಣ್ಣದ ಚುಕ್ಕೆ: ರಿಪೋರ್ಟ್ ಓದುವುದು ಹೇಗೆ?

ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ರಿಪೋರ್ಟ್ ಬಂದ ದಿನ ನಮ್ಮ ಚಿಕ್ಕಮ್ಮ ಮೊದಲು ಮಾಡಿದ ಕೆಲಸ ಏನು ಗೊತ್ತಾ? ಮಂಡಿನೋವಿಗೆ ನುಂಗುತ್ತಿದ್ದ ಕ್ಯಾಲ್ಸಿಯಂ ಮಾತ್ರೆ ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿದ್ದು. ರಿಪೋರ್ಟಿನಲ್ಲಿ ‘ಮೈಕ್ರೋಕ್ಯಾಲ್ಸಿಫಿಕೇಶನ್’, ಅಂದರೆ ಸುಣ್ಣದ ಪುಡಿ ಚುಕ್ಕೆಗಳು, ಎಂದಿತ್ತು. ಕ್ಯಾಲ್ಸಿಯಂ ಜಾಸ್ತಿಯಾಗಿ ಎದೆಯಲ್ಲಿ ಕೂತಿದೆ ಅಂತ ಅವರ ಲೆಕ್ಕ. ಹಾಲು, ರಾಗಿಮುದ್ದೆಯನ್ನೂ ಬಿಡುವವರಿದ್ದರು.

ತಿನ್ನುವ ಕ್ಯಾಲ್ಸಿಯಂಗೂ ಈ ಚುಕ್ಕೆಗಳಿಗೂ ಸಂಬಂಧವಿಲ್ಲ. ಜೀವಕೋಶಗಳು ಸತ್ತ ಜಾಗ, ಹಳೇ ಪೆಟ್ಟು ಮಾಗಿದ ಜಾಗ, ಹಾಲಿನ ನಾಳದಲ್ಲಿ ದ್ರವ ನಿಂತ ಜಾಗದಲ್ಲಿ ಸುಣ್ಣದ ಅಂಶ ಕೂರುತ್ತದೆ. ಸಾಮಾನ್ಯವಾಗಿ ಕೈಗೆ ಸಿಗುವುದಿಲ್ಲ, ನೋಯುವುದೂ ಇಲ್ಲ. ಎಕ್ಸ್-ರೇಯಲ್ಲಿ ಮಾತ್ರ ಬೆಳ್ಳಗೆ ಕಾಣುತ್ತದೆ. ಹೆಚ್ಚಿನವು ಏನೂ ತೊಂದರೆ ಕೊಡುವುದಿಲ್ಲ. ಕೆಲವು ಮಾತ್ರ ಗಂಟು ಕಟ್ಟುವ ಮೊದಲೇ ಕ್ಯಾನ್ಸರಿನ ಸುಳಿವು ಕೊಡುತ್ತವೆ. ಯಾವುದು ಯಾವುದು ಎಂದು ಬೇರ್ಪಡಿಸುವುದೇ ಇಲ್ಲಿನ ಕೆಲಸ.

1. ಪರೀಕ್ಷೆಗೆ ಹೋಗುವ ದಿನ

ಕಂಕುಳಿಗೆ ಡಿಯೋಡರೆಂಟ್, ಮೈಗೆ ಪೌಡರ್ ಹಾಕಬೇಡಿ. ಅವುಗಳಲ್ಲಿರುವ ಅಲ್ಯೂಮಿನಿಯಂನಂಥ ಕಣಗಳು ಚಿತ್ರದಲ್ಲಿ ಸುಣ್ಣದ ಚುಕ್ಕೆಯಂತೆಯೇ ಕಾಣಬಹುದು. ಮುಟ್ಟು ನಿಂತಿಲ್ಲದವರಿಗೆ ಮುಟ್ಟು ಮುಗಿದ ಮೇಲಿನ ವಾರ ವಾಸಿ, ನೋವು ಕಡಿಮೆ. ಹಳೇ ಫಿಲ್ಮ್ ಅಥವಾ ಸಿ.ಡಿ. ಇದ್ದರೆ ಮರೆಯದೆ ಒಯ್ಯಿರಿ. ಐದು ವರ್ಷದಿಂದ ಹಾಗೇ ಇರುವ ಚುಕ್ಕೆಗೂ ಈ ವರ್ಷ ಹೊಸದಾಗಿ ಬಂದದ್ದಕ್ಕೂ ತುಂಬ ವ್ಯತ್ಯಾಸವಿದೆ.

2. ಆಕಾರದ ಪದ ಹುಡುಕಿ

ರಿಪೋರ್ಟ್ ಕೈಗೆ ಬಂತು. ‘ಕ್ಯಾಲ್ಸಿಫಿಕೇಶನ್’ ಎಂಬ ಪದ ಕಂಡು ನಿಲ್ಲಬೇಡಿ. ಅದರ ಹಿಂದೆ ಮುಂದೆ ಏನಿದೆ ನೋಡಿ.

‘ಪಾಪ್‌ಕಾರ್ನ್’ ಎಂದಿದ್ದರೆ ಅದು ಹಳೆಯ ಫೈಬ್ರೊಅಡಿನೋಮ, ಅಂದರೆ ಕ್ಯಾನ್ಸರ್ ಅಲ್ಲದ ಗಂಟು. ಮೊಟ್ಟೆ ಚಿಪ್ಪಿನಂಥ ಅಂಚು ಎಂದಿದ್ದರೆ ಪೆಟ್ಟು ಬಿದ್ದು ಕೊಬ್ಬು ಸತ್ತ ಜಾಗ ಇರಬಹುದು. ರೈಲು ಹಳಿಯಂತೆ ಎರಡು ಗೆರೆ ಎಂದರೆ ರಕ್ತನಾಳದ ಗೋಡೆಯಲ್ಲಿ ಕೂತ ಸುಣ್ಣ. ಇದು ಕ್ಯಾನ್ಸರಿನ ಗುರುತಲ್ಲ. ಆದರೆ ಹೃದಯದ ಡಾಕ್ಟರಿಗೆ ಒಮ್ಮೆ ಹೇಳಿಡುವುದು ಒಳ್ಳೆಯದು.

‘ಪ್ಲಿಯೊಮಾರ್ಫಿಕ್’ ಎಂದರೆ ಒಂದೊಂದು ಕಣ ಒಂದೊಂದು ಅಳತೆ, ಒಂದೊಂದು ಆಕಾರ, ಗಾಜಿನ ಚೂರಿನಂತೆ. ‘ಫೈನ್ ಲೀನಿಯರ್ ಬ್ರಾಂಚಿಂಗ್’ ಎಂದರೆ ಸಣ್ಣ ಗೆರೆಗಳು ಕವಲೊಡೆದಿವೆ. ಇವೆರಡೂ ಗಂಭೀರ. ನಾಳದೊಳಗೆ ಕೆಟ್ಟ ಕೋಶಗಳು ತುಂಬಿ, ಸತ್ತು, ಅಲ್ಲಿ ಸುಣ್ಣ ಕೂತರೆ ಅದಕ್ಕೆ ನಾಳದ್ದೇ ರೂಪ ಬರುತ್ತದೆ. ಅದಕ್ಕೇ ಆ ಕವಲು.

ಹರಡಿರುವ ರೀತಿಯೂ ಮುಖ್ಯ. ರಂಗೋಲಿ ಪುಡಿ ಅಂಗಳದ ತುಂಬ ಚೆಲ್ಲಿದಂತೆ ಎರಡೂ ಕಡೆ ಇದ್ದರೆ ಚಿಂತೆ ಕಡಿಮೆ. ಎಳೆ ಎಳೆದಂತೆ ಒಂದೇ ಸಾಲಿನಲ್ಲಿ ಇದ್ದರೆ ಡಾಕ್ಟರು ಅಲ್ಲೇ ನಿಂತು ನೋಡುತ್ತಾರೆ. ಒಂದು ಸೆಂಟಿಮೀಟರ್ ಜಾಗದಲ್ಲಿ ಐದಾರು ಕಣ ಗುಂಪುಗೂಡಿದ್ದರೂ ಹಾಗೇ.

ಅಂದಹಾಗೆ, ಈ ಚುಕ್ಕೆಗಳನ್ನು ಮೊದಲು ಕಂಡದ್ದು 1913ರಲ್ಲಿ, ಬರ್ಲಿನ್‌ನ ಸರ್ಜನ್ ಆಲ್ಬರ್ಟ್ ಸಾಲೊಮನ್. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಸುಮಾರು 3000 ಸ್ತನಗಳ ಎಕ್ಸ್-ರೇ ತೆಗೆದು ನೋಡಿದ್ದರು. ಅದರ ಬೆಲೆ ತಿಳಿಯಲು ಮತ್ತೆ ಮೂರೂವರೆ ದಶಕ ಬೇಕಾಯಿತು. ಉರುಗ್ವೆಯ ಎಕ್ಸ್-ರೇ ತಜ್ಞ ರೌಲ್ ಲೆಬೋರ್ನ್ ಈ ಉಪ್ಪಿನ ಹರಳಿನಂಥ ಕಣಗಳ ಕಡೆ ಬೊಟ್ಟು ಮಾಡಿದರು. ಮ್ಯಾಮೊಗ್ರಾಂ ತೆಗೆಯುವಾಗ ಸ್ತನವನ್ನು ಅದುಮಲೇಬೇಕು ಎಂದು ಒತ್ತಿ ಹೇಳಿದವರೂ ಅವರೇ. ಮೆಷಿನ್ ಒತ್ತಿದಾಗ ಯಾರನ್ನು ಬೈಯಬೇಕು ಅಂತ ಈಗ ಗೊತ್ತಾಯ್ತಲ್ವಾ!

3. ಕೊನೆಯಲ್ಲಿರುವ ಅಂಕಿ ನೋಡಿ

‘ಬೈರಾಡ್ಸ್’ ಎಂಬ ಪದದ ಪಕ್ಕ 0ಯಿಂದ 6ರವರೆಗಿನ ಒಂದು ಅಂಕಿ ಇರುತ್ತದೆ. ಇದು ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ ಮಾಡಿದ ಅಳತೆ. 0 ಎಂದರೆ ಚಿತ್ರ ಸಾಲದು, ಇನ್ನೊಂದು ತೆಗೆಯಬೇಕು ಎಂದಷ್ಟೇ. 1, 2 ಬಂದರೆ ನಿಶ್ಚಿಂತೆ. 3 ಎಂದರೆ ಕ್ಯಾನ್ಸರ್ ಇರುವ ಸಾಧ್ಯತೆ ಶೇ 2ಕ್ಕಿಂತ ಜಾಸ್ತಿ ಇಲ್ಲ, ಆರು ತಿಂಗಳಿಗೆ ಮತ್ತೆ ತೋರಿಸಿ. ಚಿಕ್ಕಮ್ಮನಿಗೆ ಬಂದದ್ದು ಇದೇ. ಆರು ತಿಂಗಳು ಎಂದರೆ ಆರೇ ತಿಂಗಳು. ಹಬ್ಬ, ಮದುವೆ ಎಂದು ಮುಂದೂಡಿದರೆ ಹೋಲಿಸಿ ನೋಡುವ ಉದ್ದೇಶವೇ ಕೆಡುತ್ತದೆ. 4 ಬಂದರೆ ಬಯಾಪ್ಸಿ, ಅಂದರೆ ಸಣ್ಣ ಚೂರು ತೆಗೆದು ಪರೀಕ್ಷೆ. ಇದರ ಹರವು ದೊಡ್ಡದು, ಶೇ 2ರಿಂದ 95. ಅದಕ್ಕೇ ಎ, ಬಿ, ಸಿ ಎಂದು ಒಡೆದಿದ್ದಾರೆ. 4ಎ ಆದರೆ ಶೇ 10 ದಾಟುವುದಿಲ್ಲ. 5 ಎಂದರೆ ಬಹುತೇಕ ಹೌದು. 6, ಬಯಾಪ್ಸಿಯಲ್ಲಿ ಮೊದಲೇ ಖಚಿತವಾದವರಿಗೆ.

4. ದೊಡ್ಡದು ಮಾಡಿ ನೋಡುವುದು

‘ಮ್ಯಾಗ್ನಿಫಿಕೇಶನ್ ವ್ಯೂ’ ಬರೆದುಕೊಟ್ಟರೆ ಅದನ್ನೇ ಮಾಡಿಸಿ. ‘ಸುಮ್ನೆ ಅಲ್ಟ್ರಾಸೌಂಡ್ ಮಾಡಿಸಿದ್ರೆ ಸಾಲದಾ?’ ಅಂತ ಬಹಳ ಜನ ಕೇಳುತ್ತಾರೆ. ಗಂಟಿಗೆ ಅದು ಒಳ್ಳೆಯದು. ಈ ಪುಡಿ ಚುಕ್ಕೆಗಳು ಅದರಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ.

5. ಬಯಾಪ್ಸಿ ಬೇಕೆಂದರೆ

ಕೈಗೆ ಸಿಗದ ಚುಕ್ಕೆಗೆ ಸೂಜಿ ಹಾಕುವುದು ಹೇಗೆ? ಬೇರೆ ಬೇರೆ ಕೋನದಿಂದ ಎರಡು ಎಕ್ಸ್-ರೇ ತೆಗೆದು, ಕಂಪ್ಯೂಟರ್ ಅದರ ಆಳವನ್ನು ಲೆಕ್ಕ ಹಾಕುತ್ತದೆ. ಇದಕ್ಕೆ ‘ಸ್ಟೀರಿಯೊಟ್ಯಾಕ್ಟಿಕ್’ ಎನ್ನುತ್ತಾರೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸೂಜಿಯಿಂದ ಸಣ್ಣ ಚೂರುಗಳನ್ನು ಎಳೆದುಕೊಳ್ಳುತ್ತಾರೆ. ಆ ಜಾಗದಲ್ಲಿ ಗುರುತಿಗೆ ಒಂದು ಪುಟ್ಟ ಲೋಹದ ಕ್ಲಿಪ್ ಬಿಡುವುದುಂಟು. ರಕ್ತ ತೆಳುಮಾಡುವ ಮಾತ್ರೆ ನುಂಗುವವರು ಮೊದಲೇ ಹೇಳಬೇಕು.

ಕ್ಯಾನ್ಸರ್ ಎಂದು ಬಂದರೂ, ಚುಕ್ಕೆಯಿಂದ ಪತ್ತೆಯಾದದ್ದು ಎಷ್ಟೋ ಸಲ ‘ಡಿಸಿಐಎಸ್’, ಅಂದರೆ ನಾಳದ ಗೋಡೆ ದಾಟದ ಹಂತ. ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ.

‘ಏನೂ ಇಲ್ಲ’ ಎಂದು ಬಂದರೆ ಖುಷಿಯಿಂದ ಎದ್ದು ಬರುವ ಮೊದಲು ಒಂದು ಪ್ರಶ್ನೆ ಕೇಳಿ: ತೆಗೆದ ಚೂರಿನಲ್ಲಿ ಸುಣ್ಣದ ಕಣ ಇತ್ತಾ? ಅದಕ್ಕೆಂದೇ ಚೂರುಗಳನ್ನು ಅಲ್ಲೇ ಎಕ್ಸ್-ರೇ ಮಾಡುತ್ತಾರೆ. ಕಣ ಇಲ್ಲದಿದ್ದರೆ ಸೂಜಿ ಪಕ್ಕಕ್ಕೆ ಹೋಗಿರಬಹುದು. ಆಗ ಬಯಾಪ್ಸಿ ಮತ್ತೆ ಮಾಡಬೇಕಾಗಬಹುದು.